ಒದ್ದೆ ಹೆಜ್ಜೆಯ ಲೆಕ್ಕ

ನಮ್ಮ ಮನೆಯದು ಹಳೇ ಕಾಲದ ಕೆಂಪು ಸಿಮೆಂಟಿನ ನೆಲ. ಬೇಸಿಗೆ ರಜೆಗೆ ಬಂದ ಮೊಮ್ಮಗಳು ಪುಟ್ಟಿ ಸ್ನಾನ ಮುಗಿಸಿದವಳೇ ಕಾಲು ಒರೆಸದೆ ಬಚ್ಚಲಿಂದ ಓಡುತ್ತಾಳೆ. ಅವಳ ಅಮ್ಮ ಗದರುತ್ತಾಳೆ. ನಾನು ಮಾತ್ರ ಕುರ್ಚಿಯಲ್ಲಿ ಕೂತು ಆ ಹೆಜ್ಜೆಗಳನ್ನು ಓದುತ್ತೇನೆ. ಇಗೋ, ಇಲ್ಲಿ ಐದು ಬೆರಳೂ ಮೂಡಿವೆ. ಇಲ್ಲಿ ಹಿಮ್ಮಡಿ ಮಾತ್ರ. ಇಲ್ಲಿ ಸ್ವಲ್ಪ ಜಾರಿದ್ದಾಳೆ. ಅಡುಗೆಮನೆಯ ಬಾಗಿಲಲ್ಲಿ ಎರಡೂ ಪಾದ ಜೋಡಿಯಾಗಿವೆ, ಅಂದರೆ ಅಲ್ಲಿ ನಿಂತು ಸಂಡಿಗೆ ಡಬ್ಬಿಯನ್ನು ನೋಡಿದ್ದಾಳೆ. ಅವಳು ಕಣ್ಣಿಗೆ ಬೀಳದಿದ್ದರೂ ಎಲ್ಲೆಲ್ಲಿಗೆ ಹೋದಳೆಂದು ಹೇಳಬಲ್ಲೆ. ಎರಡು ನಿಮಿಷ ಬಿಟ್ಟು ನೋಡಿದರೆ ನೆಲ ಒಣಗಿ, ಏನೂ ನಡೆದೇ ಇಲ್ಲ ಎಂಬಂತಿರುತ್ತದೆ.

ಮಕ್ಕಳೇ, ಈ ಒದ್ದೆ ಹೆಜ್ಜೆಯನ್ನು ಸ್ವಲ್ಪ ಹೊತ್ತು ನೆನಪಿನಲ್ಲಿ ಇಟ್ಟುಕೊಳ್ಳಿ. ನಮ್ಮ ತಲೆಯೊಳಗೆ ರಕ್ತ ಎಲ್ಲೆಲ್ಲಿಗೆ ಎಷ್ಟೆಷ್ಟು ಹೋಗುತ್ತಿದೆ ಎಂದು ಸೂಜಿ ಚುಚ್ಚದೆ, ಔಷಧ ಸೇರಿಸದೆ, ತಲೆಯ ಒಂದು ಕೂದಲೂ ಕೊಂಕದಂತೆ ನೋಡುವ ಉಪಾಯವೊಂದಿದೆ. ಅದು ಹೆಚ್ಚುಕಮ್ಮಿ ಪುಟ್ಟಿಯ ಒದ್ದೆ ಹೆಜ್ಜೆಯ ಉಪಾಯವೇ.

ನನಗೆ ಅದರ ಪರಿಚಯವಾದದ್ದು ನಮ್ಮೂರಿನ ಟೈಲರ್ ಮಾವನಿಂದ. ಬಸ್ ಸ್ಟ್ಯಾಂಡಿನ ಪಕ್ಕ ನಲವತ್ತು ವರ್ಷದಿಂದ ಹೊಲಿಯುತ್ತಾ ಬಂದವರು. ಹೋದ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಯೂನಿಫಾರ್ಮ್ ಅಂಗಿಗೆ ಗುಂಡಿ ಹಾಕುತ್ತಾ ಕೂತಿದ್ದರಂತೆ. ಬಲಗೈಯಿಂದ ಗುಂಡಿ ಜಾರಿತು. ಹೆಕ್ಕಿದರು, ಮತ್ತೆ ಜಾರಿತು. ಎದುರಿಗಿದ್ದ ಗಿರಾಕಿಗೆ ಏನೋ ಹೇಳಲು ಹೋದರೆ ಮಾತು ತೊದಲಿತು. ಹತ್ತು ನಿಮಿಷ, ಅಷ್ಟೇ. ಆಮೇಲೆ ಕೈ ಸರಿಹೋಯಿತು, ಮಾತೂ ಮೊದಲಿನಂತಾಯಿತು. ‘ಪಿತ್ತ ಕೆರಳಿರಬೇಕು’ ಅಂದುಕೊಂಡು ಅವರು ನಿಂಬೆ ಶರಬತ್ತು ಕುಡಿದು ಮತ್ತೆ ಹೊಲಿಯಲು ಕೂತರು. ಅವರ ಮಗಳು ಮಾತ್ರ ಬಿಡಲಿಲ್ಲ. ಅವತ್ತೇ ದೊಡ್ಡ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಒಳ್ಳೆಯದೇ ಮಾಡಿದಳು.

ವೈದ್ಯರು ನೋಡಿ ಹೇಳಿದರಂತೆ: ಕುತ್ತಿಗೆಯ ಎಡಗಡೆ ಮಿದುಳಿಗೆ ಹೋಗುವ ರಕ್ತನಾಳದ ಒಳಗೆ ಜಿಡ್ಡು ಕಟ್ಟಿ ದಾರಿ ಕಿರಿದಾಗಿದೆ, ಈ ಹತ್ತು ನಿಮಿಷದ್ದು ಲಕ್ವದ ಮುನ್ಸೂಚನೆ. ಬಚ್ಚಲಿನ ನಲ್ಲಿಯ ಕೊಳವೆಯೊಳಗೆ ಗಡಸುನೀರಿನ ಉಪ್ಪು ಕಟ್ಟಿ ನೀರು ಸಣ್ಣಗೆ ಬರುವುದನ್ನು ನೋಡಿದ್ದೀರಲ್ಲ, ಆ ಥರ. ಎಡಗಡೆಯ ನಾಳ ಕಿರಿದಾದರೆ ಬಲಗೈ ಯಾಕೆ ಸೋತಿತು ಎನ್ನುತ್ತೀರಾ? ಮಿದುಳಿನ ಎಡಭಾಗ ಮೈಯ ಬಲಭಾಗವನ್ನು ಆಡಿಸುತ್ತದೆ, ಬಲಭಾಗ ಎಡವನ್ನು. ತಂತಿಗಳು ದಾರಿಯಲ್ಲಿ ಅಡ್ಡ ಹಾಯುತ್ತವೆ.

ಈಗ ನೀವೊಂದು ಕೆಲಸ ಮಾಡಿ. ಎರಡು ಬೆರಳು ಜೋಡಿಸಿ ದವಡೆಯ ಕೆಳಗೆ, ಗಂಟಲಿನ ಪಕ್ಕಕ್ಕೆ ಮೆಲ್ಲಗೆ ಇಡಿ. ಒಂದೇ ಬದಿ ಸಾಕು, ಎರಡೂ ಕಡೆ ಒಟ್ಟಿಗೆ ಒತ್ತಬಾರದು. ಟುಕ್, ಟುಕ್, ಟುಕ್... ಸಿಕ್ಕಿತೇ? ಅದೇ ಮಿದುಳಿಗೆ ಹೋಗುವ ರಕ್ತ. ಹೀಗೆ ಮುಂದಿನಿಂದ ಎಡಕ್ಕೊಂದು ಬಲಕ್ಕೊಂದು ನಾಳ ಹತ್ತುತ್ತದೆ. ಇನ್ನೆರಡು ಹಿಂದಿನಿಂದ. ಅವು ಕುತ್ತಿಗೆಯ ಮೂಳೆಗಳ ತೂತಿನೊಳಗೆ, ಮಣಿಗಳಿಗೆ ದಾರ ಪೋಣಿಸಿದ ಹಾಗೆ ಒಂದಾದ ಮೇಲೊಂದು ನುಸುಳಿ ಮೇಲೇರುತ್ತವೆ.

ದೊಡ್ಡವರ ಮಿದುಳಿನ ತೂಕ ಸುಮಾರು 1.4 ಕಿಲೋ. ಅಷ್ಟು ಸಣ್ಣ ವಸ್ತುವಿಗೆ ಒಂದು ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್ ರಕ್ತ ಬೇಕು. ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ಒಂದೂವರೆ! ಮೈತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡು, ಆದರೆ ಮೈಗೆ ಬಂದ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತನ್ನು ಅದು ನುಂಗುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಐವತ್ತು ಜನ ಕೂತಿದ್ದಾರೆ, ಅದರಲ್ಲಿ ಒಬ್ಬನೇ ಹತ್ತು ಜನರ ಊಟ ಉಣ್ಣುತ್ತಾನೆ ಎಂದರೆ ಹೇಗಿರುತ್ತದೆ? ಹಾಗೆ. ನಿಮ್ಮ ವಯಸ್ಸಿನವರ ಮಿದುಳು ಇನ್ನೂ ಹೊಟ್ಟೆಬಾಕ. ಐದಾರು ವರ್ಷದ ಮಗುವಿನ ಮಿದುಳಿನಲ್ಲಿ, ತೂಕಕ್ಕೆ ತೂಕ ಹೋಲಿಸಿದರೆ, ನನ್ನಂಥ ಮುದುಕನಿಗಿಂತ ತುಂಬ ಹೆಚ್ಚು ರಕ್ತ ಹರಿಯುತ್ತದೆ.

ಇಷ್ಟು ಉಣ್ಣುವವನ ಮನೆಯಲ್ಲಿ ಉಗ್ರಾಣ ಮಾತ್ರ ಇಲ್ಲ. ಮಿದುಳು ಏನನ್ನೂ ಹೆಚ್ಚು ಕೂಡಿಟ್ಟುಕೊಳ್ಳುವುದಿಲ್ಲ. ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ.

ಪೂರ್ತಿ ನಿಲ್ಲದೆ ಕಡಿಮೆಯಾದರೆ ಏನಾಗುತ್ತದೆ? ಇದು ತಿಳಿಯಬೇಕಾದರೆ ತೋಟಕ್ಕೆ ಬನ್ನಿ. ನೀರು ಕಡಿಮೆಯಾದ ಬದನೆ ಗಿಡ ಮಧ್ಯಾಹ್ನ ಎಲೆ ಜೋತುಬಿಟ್ಟು ನಿಂತಿರುತ್ತದೆ. ಸತ್ತಿಲ್ಲ, ಬಾಡಿದೆ. ಸಂಜೆ ಒಂದು ಕೊಡ ಹೊಯ್ದರೆ ಬೆಳಿಗ್ಗೆ ತಲೆಯೆತ್ತುತ್ತದೆ. ನಾಲ್ಕು ದಿನ ಮರೆತರೆ ಆಮೇಲೆ ಬಾವಿಯನ್ನೇ ಸುರಿದರೂ ಏಳುವುದಿಲ್ಲ. ಮಿದುಳಿನಲ್ಲೂ ಹೀಗೆಯೇ. ನೂರು ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿ ರಕ್ತ ಸಿಗಬೇಕು. ಅದು 20ಕ್ಕಿಂತ ಕೆಳಗಿಳಿದರೆ ಅಲ್ಲಿನ ಜೀವಕೋಶಗಳು ಕೆಲಸ ನಿಲ್ಲಿಸಿ ಸುಮ್ಮನಾಗುತ್ತವೆ, ಬಾಡಿದ ಗಿಡದ ಹಾಗೆ. 10ಕ್ಕಿಂತ ಕೆಳಗೆ ಹೋದರೆ ಸಾಯತೊಡಗುತ್ತವೆ. ಬಾಡಿದ್ದು ಎಷ್ಟು, ಒಣಗಿದ್ದು ಎಷ್ಟು ಎಂದು ಬೇಗ ತಿಳಿದರೆ ಬಾಡಿದ್ದನ್ನಾದರೂ ಉಳಿಸಿಕೊಳ್ಳಬಹುದಲ್ಲ!

ಟೈಲರ್ ಮಾವನ ವೈದ್ಯರಿಗೂ ಇದೇ ಪ್ರಶ್ನೆ. ಕೊಳವೆ ಕಿರಿದಾಗಿದೆ ಎಂಬುದು ಗೊತ್ತಾಯಿತು. ಆದರೆ ಗಿಡದ ಬುಡಕ್ಕೆ ನೀರು ಮುಟ್ಟುತ್ತಿದೆಯೇ? ಇವೆರಡೂ ಒಂದೇ ಪ್ರಶ್ನೆಯಲ್ಲ. ಅಡಿಕೆ ತೋಟದಲ್ಲಿ ಒಂದು ಕಾಲುವೆ ಕಟ್ಟಿಕೊಂಡರೂ ಪಕ್ಕದ ಕಾಲುವೆಯಿಂದ ನೀರು ಸುತ್ತಿ ಬಂದು ಮರಕ್ಕೆ ಮುಟ್ಟುವುದುಂಟು.

ಮಿದುಳಿನ ಅಡಿಯಲ್ಲಿ ಇಂಥ ಸುತ್ತುಕಾಲುವೆಯೊಂದು ಇದ್ದೇ ಇದೆ. ಮುಂದಿನ ಎರಡು, ಹಿಂದಿನ ಎರಡು ನಾಳಗಳು ಅಲ್ಲಿ ಕೂಡಿ ಬಳೆಯ ಹಾಗೆ ಒಂದು ಸುತ್ತು ಕಟ್ಟಿಕೊಂಡಿವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ತನ್ನ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ವಿವರಿಸಿದ್ದರಿಂದ ಅದಕ್ಕೆ ವಿಲ್ಲಿಸ್ ವೃತ್ತ ಎಂದೇ ಹೆಸರು. ಆ ಪುಸ್ತಕಕ್ಕೆ ಚಿತ್ರ ಬರೆದವರಲ್ಲಿ ಕ್ರಿಸ್ಟೋಫರ್ ರೆನ್ ಕೂಡ ಒಬ್ಬ. ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಕಟ್ಟಿಸಿದ ಶಿಲ್ಪಿ ಆತನೇ. ಗುಮ್ಮಟ ಕಟ್ಟುವ ಮೊದಲು ಅವನು ತಲೆಬುರುಡೆಯ ಗುಮ್ಮಟದೊಳಗೆ ಇಣುಕಿದ್ದ ಎಂದು ನೆನೆದರೆ ನನಗೆ ನಗು ಬರುತ್ತದೆ.

ಇಣುಕುವುದೇ ಕಷ್ಟ. ತಲೆಬುರುಡೆ ಗಟ್ಟಿ ತೆಂಗಿನಚಿಪ್ಪು. ಒಳಗೆ ಏನು ನಡೆಯುತ್ತಿದೆ ಎಂದು ಚಿಪ್ಪು ಒಡೆಯದೆ ತಿಳಿಯುವುದು ಹೇಗೆ?

ಇಟಲಿಯ ಟ್ಯುರಿನ್ ಎಂಬ ಊರಿನಲ್ಲಿ ಆ್ಯಂಜೆಲೊ ಮೊಸ್ಸೊ ಎಂಬ ವಿಜ್ಞಾನಿ ಇದ್ದ. ಅವನ ಬಳಿಗೆ ಬರ್ತೀನೊ ಎಂಬ ರೈತ ಬಂದ. ಏಟು ಬಿದ್ದು ಅವನ ತಲೆಬುರುಡೆಯಲ್ಲಿ ಒಂದು ಕಿಂಡಿಯಾಗಿತ್ತು. ಗಾಯ ಮಾಗಿದ ಮೇಲೂ ಅಲ್ಲಿ ಚರ್ಮದ ಕೆಳಗೆ ಮಿದುಳು ಮಿಡಿಯುವುದು ಕಾಣುತ್ತಿತ್ತು. ಹಸುಗೂಸಿನ ನೆತ್ತಿ ಮಿಡಿಯುವುದನ್ನು ನೋಡಿದ್ದೀರಲ್ಲ, ಹಾಗೆ. ಮೊಸ್ಸೊ ಅದರ ಮೇಲೆ ಒಂದು ಪುಟ್ಟ ಸಾಧನ ಇಟ್ಟು ಮಿಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯಿಸಿದ. ಮಧ್ಯಾಹ್ನ ಹನ್ನೆರಡಕ್ಕೆ ಚರ್ಚಿನ ಗಂಟೆ ಬಾರಿಸಿತು. ಗೆರೆ ಒಮ್ಮೆಗೇ ಎತ್ತರಕ್ಕೆ ಎದ್ದಿತು! ಗಂಟೆ ಕೇಳಿ ಪ್ರಾರ್ಥನೆಯ ನೆನಪಾಯಿತೇ ಎಂದು ಮೊಸ್ಸೊ ಕೇಳಿದ. ಹೌದು ಎನ್ನುವಾಗ ಮತ್ತೆ ಎದ್ದಿತು. ಎಂಟು ಹನ್ನೆರಡಲಿ ಎಷ್ಟು ಎಂದು ಕೇಳಿದ. ಆಗಲೂ ಎದ್ದಿತು. ಕೈಯ ನಾಡಿಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಯೋಚನೆ ಮಾಡಿದಾಗ ಮಿದುಳಿಗೆ ಹೆಚ್ಚು ರಕ್ತ ನುಗ್ಗುತ್ತದೆ ಎಂದು ಮೊಸ್ಸೊ ತೀರ್ಮಾನಿಸಿದ. ಇದು 1880ರ ಆಸುಪಾಸಿನ ಮಾತು. ನಿಮ್ಮ ಮಗ್ಗಿಯ ಪರೀಕ್ಷೆ ಆಗುವಾಗ ತಲೆಯೊಳಗೆ ಏನಾಗುತ್ತದೆ ಎಂದು ಈಗ ತಿಳಿಯಿತಲ್ಲ.

ತಲೆಯಲ್ಲಿ ಕಿಂಡಿ ಇಲ್ಲದವರನ್ನು ಪರೀಕ್ಷಿಸಲು ಅವನು ಇನ್ನೊಂದು ಸಾಹಸ ಮಾಡಿದ. ಉದ್ದನೆಯ ಹಲಗೆಯ ನಡುವೆ ಚೂಪು ಆಧಾರ ಕೊಟ್ಟು, ಪಾರ್ಕಿನ ಸೀಸಾದ ಹಾಗೆ ತೂಗುವಂತೆ ಮಾಡಿ, ಅದರ ಮೇಲೆ ಮನುಷ್ಯನನ್ನು ಮಲಗಿಸಿದ. ಆಳವಾಗಿ ಯೋಚಿಸಿದಾಗ ತಲೆಗೆ ರಕ್ತ ಹರಿದು ತಲೆಯ ಕಡೆ ಹಲಗೆ ತಗ್ಗುತ್ತದೆ ಎಂದ. ಉಪಾಯವೇನೋ ಚಂದ. ಆದರೆ ಅಂಥ ಹಲಗೆ ಉಸಿರೆಳೆದರೂ ವಾಲುತ್ತದೆ, ಕೆಮ್ಮಿದರೂ ವಾಲುತ್ತದೆ. ಅದು ತೂಗಿದ್ದು ಮಿದುಳಿನ ರಕ್ತವನ್ನೇ ಎಂದು ನಾನಂತೂ ಪಣ ಕಟ್ಟಲಾರೆ.

1945ರಲ್ಲಿ ಅಮೆರಿಕದ ಸೀಮೋರ್ ಕೆಟಿ ಮತ್ತು ಕಾರ್ಲ್ ಸ್ಮಿಟ್ ಮೊದಲ ಬಾರಿಗೆ ಗಟ್ಟಿ ಲೆಕ್ಕ ಕೊಟ್ಟರು. ನಗೆ ಅನಿಲವನ್ನು ಚೂರು ಚೂರು ಉಸಿರಿನಲ್ಲಿ ಕೊಟ್ಟು, ಮಿದುಳಿಗೆ ಹೋಗುವ ರಕ್ತದಲ್ಲಿ ಅದೆಷ್ಟಿದೆ, ಹೊರಬರುವ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವುದು. ಇದಕ್ಕೆ ಕುತ್ತಿಗೆಯ ಆಳದ ರಕ್ತನಾಳಕ್ಕೆ ಸೂಜಿ ಚುಚ್ಚಲೇಬೇಕು. ಸಿಗುವುದು ಇಡೀ ಮಿದುಳಿನ ಒಟ್ಟು ಲೆಕ್ಕ ಮಾತ್ರ. ಮನೆಯ ನೀರಿನ ಮೀಟರ್ ನೋಡಿ ಮಲ್ಲಿಗೆ ಬಳ್ಳಿಗೆ ನೀರು ಬಿತ್ತೋ ಇಲ್ಲವೋ ಎಂದು ಹೇಳಲಾದೀತೇ? 1982ರಲ್ಲಿ ನಾರ್ವೆಯ ರೂನ್ ಆಸ್ಲಿಡ್ ಕಣ್ಣು ಕಿವಿಗಳ ನಡುವಿನ ತೆಳು ಮೂಳೆಯ ಮೂಲಕ ನಮಗೆ ಕೇಳಿಸದ ಶಬ್ದವನ್ನು ಒಳಕ್ಕೆ ಕಳಿಸಿ, ಅದು ರಕ್ತಕ್ಕೆ ಬಡಿದು ಮರಳುವುದರಿಂದ ನಾಳದೊಳಗಿನ ವೇಗವನ್ನು ಅಳೆದು ತೋರಿಸಿದ. ಈಗಲೂ ಅದು ದಿನನಿತ್ಯ ಬಳಕೆಯಲ್ಲಿದೆ. ಆದರೆ ಅದೂ ಕಾಲುವೆಯ ವೇಗವನ್ನೇ ಹೇಳುತ್ತದೆ, ಗಿಡದ ಬುಡದ ಕಥೆ ಹೇಳುವುದಿಲ್ಲ.

ಈಗ ನಮ್ಮ ಒದ್ದೆ ಹೆಜ್ಜೆಗೆ ಬರೋಣ. ಎಂಆರ್‌ಐ ಯಂತ್ರದ ಹೆಸರು ಕೇಳಿರುತ್ತೀರಿ. ದೊಡ್ಡ ಉದ್ದಿನ ವಡೆಯೊಂದನ್ನು ನಿಲ್ಲಿಸಿಟ್ಟ ಹಾಗಿರುತ್ತದೆ, ಅದರ ತೂತಿನೊಳಕ್ಕೆ ನಮ್ಮನ್ನು ಮಲಗಿಸಿ ತಳ್ಳುತ್ತಾರೆ. ಆ ವಡೆ ಒಂದು ಭಾರಿ ಅಯಸ್ಕಾಂತ. ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ತಿರುಗಿಸುವ ಭೂಮಿಯ ಶಕ್ತಿಗಿಂತ ಅದರದ್ದು ಐವತ್ತು ಸಾವಿರ ಪಟ್ಟಿಗೂ ಹೆಚ್ಚಿರಬಹುದು. ಹಾಗಾಗಿ ಒಳಗೆ ಹೋಗುವಾಗ ಹೇರ್‌ಪಿನ್ನು, ಬೀಗದ ಕೈ ಎಲ್ಲ ಹೊರಗೆ. ‘ಒಳಗೆ ಹೇಗಿತ್ತು ಮಾವ?’ ಎಂದು ನಾನು ಕೇಳಿದ್ದಕ್ಕೆ ಟೈಲರ್ ಮಾವ ಹೇಳಿದ್ದು ಒಂದೇ ಮಾತು: ‘ಅಕ್ಕಿ ಗಿರಣಿ ಒಳಗೆ ಮಲಗಿದ ಹಾಗಿತ್ತು ಮಾರಾಯ್ರೇ!’ ಅಷ್ಟು ಸದ್ದು. ಕಿವಿಗೆ ಮುಚ್ಚಳ ಕೊಡುತ್ತಾರೆ. ನೋವು ಎಳ್ಳಷ್ಟೂ ಇಲ್ಲ, ಅಲುಗಾಡದೆ ಮಲಗಬೇಕು, ಅದೇ ಕಷ್ಟ.

ನಮ್ಮ ರಕ್ತದಲ್ಲಿ ಹೆಚ್ಚಿನ ಪಾಲು ನೀರು. ನೀರಿನ ಒಂದೊಂದು ಕಣದಲ್ಲೂ ಹೈಡ್ರೋಜನ್ನಿನ ಎರಡು ಬೀಜಗಳಿವೆ. ಅವನ್ನು ತಿರುಗುವ ಪುಟ್ಟ ಬುಗುರಿಗಳೆಂದು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಆ ಬುಗುರಿಗಳೂ ಸಣ್ಣ ಸಣ್ಣ ಅಯಸ್ಕಾಂತಗಳೇ. ಹೊರಗೆ ಇರುವಾಗ ಅವು ಯಾವ ದಿಕ್ಕಿಗೆಂದರೆ ಆ ದಿಕ್ಕಿಗೆ ಮುಖ ಮಾಡಿರುತ್ತವೆ, ಮೇಷ್ಟ್ರಿಲ್ಲದ ಕ್ಲಾಸಿನ ಹಾಗೆ. ದೊಡ್ಡ ಅಯಸ್ಕಾಂತದ ಒಳಗೆ ಬಂದಾಗ ಮೇಷ್ಟ್ರು ಬಂದರು ಅನ್ನಿ. ಎಲ್ಲವೂ ಅಲ್ಲದಿದ್ದರೂ ಸಾಕಷ್ಟು ಬುಗುರಿಗಳು ಒಂದೇ ಕಡೆ ಮುಖ ಮಾಡುತ್ತವೆ.

ಕುತ್ತಿಗೆಯ ಹತ್ತಿರ ಅಡ್ಡಲಾಗಿ ಒಂದು ಗೆರೆ ಎಳೆದಿದೆ ಎಂದುಕೊಳ್ಳಿ. ಕಣ್ಣಿಗೆ ಕಾಣುವ ಗೆರೆಯಲ್ಲ. ರೇಡಿಯೋದಲ್ಲಿ ಹಾಡು ಹೊತ್ತು ತರುತ್ತದಲ್ಲ, ಅಂಥ ಅಲೆಯನ್ನು ಯಂತ್ರ ಅಲ್ಲಿ ಹಾಯಿಸುತ್ತದೆ. ಆ ಗೆರೆಯನ್ನು ದಾಟಿ ಮೇಲಕ್ಕೆ ಹೋಗುವ ರಕ್ತದ ನೀರಿನಲ್ಲಿ ಬುಗುರಿಗಳು ಪಲ್ಟಿ ಹೊಡೆದು ತಲೆಕೆಳಗಾಗುತ್ತವೆ. ಬಚ್ಚಲಿನ ಹೊಸ್ತಿಲ ಬಳಿ ನೀರು ಚೆಲ್ಲಿದೆ, ದಾಟಿದವರ ಕಾಲೆಲ್ಲ ಒದ್ದೆ ಎಂದರೆ ಹೇಗೋ ಹಾಗೆ. ನೀರಿಗೆ ಏನೂ ಆಗಿಲ್ಲ. ಅದು ಅದೇ ನೀರು, ಅದೇ ರಕ್ತ. ಗುರುತೊಂದು ಅಂಟಿಕೊಂಡಿದೆ ಅಷ್ಟೇ, ಅದೂ ತನ್ನಷ್ಟಕ್ಕೇ ಆರಿಹೋಗುವ ಗುರುತು. ಆಸ್ಪತ್ರೆಯವರು ಇದನ್ನು ‘ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್’ ಎನ್ನುತ್ತಾರೆ, ಚಿಕ್ಕದಾಗಿ ಎಎಸ್‌ಎಲ್. ಜಾನ್ ಡೆಟ್ರಿ, ಅಲನ್ ಕೊರೆಟ್ಸ್ಕಿ ಮತ್ತು ಅವರ ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1992ರಲ್ಲಿ ಇದನ್ನು ಇಲಿಗಳ ಮಿದುಳಿನಲ್ಲಿ ಮಾಡಿ ತೋರಿಸಿದರು. ಎರಡೇ ವರ್ಷದಲ್ಲಿ ಮನುಷ್ಯರ ಚಿತ್ರವೂ ಬಂತು.

ಬೇರೆ ಪರೀಕ್ಷೆಗಳಲ್ಲಿ ಬಣ್ಣದಂಥ ಔಷಧವನ್ನು ಚುಚ್ಚಿದರೆ ಅದು ಸಾಮಾನ್ಯವಾಗಿ ಮಿದುಳಿನ ನಾಳದೊಳಗೇ ಹಾದು ಆಚೆ ಹೋಗುತ್ತದೆ. ನೀರು ಹಾಗಲ್ಲ. ಕಾಲುವೆಯಿಂದ ಮಣ್ಣಿಗೆ ಇಂಗುವ ಹಾಗೆ, ಅತಿ ಸಣ್ಣ ನಾಳದ ಗೋಡೆಯಿಂದ ಮಿದುಳಿನೊಳಕ್ಕೇ ಇಂಗುತ್ತದೆ. ಪುಟ್ಟಿ ನಡುಮನೆಯಲ್ಲಿ ನಿಲ್ಲದೆ ಕೋಣೆಗಳ ಒಳಕ್ಕೇ ನುಗ್ಗುತ್ತಾಳಲ್ಲ! ಗಿಡದ ಬುಡಕ್ಕೆ ನೀರು ಮುಟ್ಟಿತೇ ಎಂಬ ಪ್ರಶ್ನೆಗೆ ನೀರೇ ಉತ್ತರ ಹೇಳುತ್ತದೆ. ನನಗೆ ಈ ಇಡೀ ಉಪಾಯದಲ್ಲಿ ಅತ್ಯಂತ ಇಷ್ಟವಾದದ್ದು ಇದೇ.

ಆದರೆ ಮಿದುಳಿನಲ್ಲಿ ಮೊದಲೇ ನೀರು ತುಂಬಿದೆಯಲ್ಲ, ಅದರ ನಡುವೆ ಹೊಸದಾಗಿ ಬಂದ ಗುರುತಿನ ನೀರನ್ನು ಹುಡುಕುವುದು ಹೇಗೆ? ಅದಕ್ಕೆ ನಿಮ್ಮ ಎರಡನೇ ಕ್ಲಾಸಿನ ಲೆಕ್ಕ ಸಾಕು. ನಮ್ಮ ಮನೆಯ ಬೆಕ್ಕಿನ ಮರಿ ತೂಕದ ಯಂತ್ರದ ಮೇಲೆ ಒಂದು ಗಳಿಗೆಯೂ ನಿಲ್ಲುವುದಿಲ್ಲ. ನಾನೇನು ಮಾಡುತ್ತೇನೆ? ಅದನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಲ್ಲುತ್ತೇನೆ, 60 ಕಿಲೋ 600 ಗ್ರಾಂ. ಕೆಳಗಿಟ್ಟು ನಿಲ್ಲುತ್ತೇನೆ, 60 ಕಿಲೋ. ಕಳೆದರೆ ಬೆಕ್ಕಿನ ಮರಿ 600 ಗ್ರಾಂ. ಎಂಆರ್‌ಐಯವರೂ ಹೀಗೆಯೇ. ರಕ್ತಕ್ಕೆ ಗುರುತು ಹಚ್ಚಿ ಒಂದು ಚಿತ್ರ, ಹಚ್ಚದೆ ಒಂದು ಚಿತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಎರಡರಲ್ಲೂ ಇದ್ದ ಹಳೇ ನೀರೆಲ್ಲ ಹೋಗಿ, ಈಗಷ್ಟೇ ಬಂದ ರಕ್ತ ಮಾತ್ರ ಉಳಿಯುತ್ತದೆ.

ಉಳಿಯುವುದು ಎಷ್ಟು ಗೊತ್ತೇ? ನೂರರಲ್ಲಿ ಒಂದು ಪಾಲು, ಕೆಲವೊಮ್ಮೆ ಅಷ್ಟೂ ಇಲ್ಲ. ನನ್ನ ತೂಕಕ್ಕೆ ಆ ಬೆಕ್ಕಿನ ಮರಿ ಎಷ್ಟೋ ಅಷ್ಟು. ನಾನು ಉಸಿರಾಡಿದರೆ, ಮರಿ ಒದ್ದಾಡಿದರೆ ಯಂತ್ರದ ಮುಳ್ಳು ಅದಕ್ಕಿಂತ ಹೆಚ್ಚು ಓಲಾಡುತ್ತದೆ. ಆಗ ಮಾಡುವುದೇನು? ಹತ್ತು ಸಲ, ಇಪ್ಪತ್ತು ಸಲ, ಮೂವತ್ತು ಸಲ ತೂಗಿ ಸರಾಸರಿ ತೆಗೆಯುವುದು. ಅದಕ್ಕೇ ಆ ಗಿರಣಿಯೊಳಗೆ ನಾಲ್ಕೈದು ನಿಮಿಷ ಕಲ್ಲಿನಂತೆ ಮಲಗಬೇಕಾದದ್ದು.

ಎಲ್ಲಕ್ಕಿಂತ ನಾಜೂಕಾದ ಮಾತು ಈಗ ಬರುತ್ತದೆ. ಗುರುತು ಹಚ್ಚಿದ ಕೂಡಲೇ ಚಿತ್ರ ತೆಗೆದರೆ ರಕ್ತ ಇನ್ನೂ ದಾರಿಯಲ್ಲೇ ಇರುತ್ತದೆ. ಆದ್ದರಿಂದ ಸ್ವಲ್ಪ ಕಾಯಬೇಕು. ತುಂಬ ಕಾದರೆ? ಕಾಲು ಒಣಗಿಹೋಗುತ್ತದೆ! ತಲೆಕೆಳಗಾದ ಬುಗುರಿಗಳು ತಾವಾಗಿಯೇ ಮತ್ತೆ ನೆಟ್ಟಗಾಗುತ್ತಾ ಹೋಗುತ್ತವೆ. ಈಗಿನ 3 ಟೆಸ್ಲಾ ಯಂತ್ರಗಳಲ್ಲಿ (ಟೆಸ್ಲಾ ಎಂದರೆ ಅಯಸ್ಕಾಂತದ ಬಲದ ಅಳತೆ) ಸುಮಾರು ಒಂದೂ ಮುಕ್ಕಾಲು ಸೆಕೆಂಡಿನಲ್ಲಿ ಗುರುತಿನ ಮೂರರಲ್ಲಿ ಎರಡು ಪಾಲು ಆರಿರುತ್ತದೆ. ಹಾಗಾದರೆ ಎಷ್ಟು ಕಾಯುವುದು ಸರಿ? ಹಲವು ದೇಶಗಳ ತಜ್ಞರು ಕೂತು 2015ರಲ್ಲಿ ಪ್ರಕಟಿಸಿದ ಸಲಹೆ ಹೀಗಿದೆ: ಮಕ್ಕಳಿಗೆ ಒಂದೂವರೆ ಸೆಕೆಂಡು, ಎಪ್ಪತ್ತರೊಳಗಿನ ಆರೋಗ್ಯವಂತರಿಗೆ 1.8 ಸೆಕೆಂಡು, ಅದಕ್ಕೂ ಹಿರಿಯರಿಗೆ ಮತ್ತು ರೋಗಿಗಳಿಗೆ 2 ಸೆಕೆಂಡು. ನೋಡಿದಿರಾ, ನಿಮ್ಮ ರಕ್ತ ನಿಮ್ಮ ಹಾಗೆಯೇ ಓಡಿ ಬರುತ್ತದೆ. ನಮ್ಮದು ಕೋಲೂರಿಕೊಂಡು.

ಟೈಲರ್ ಮಾವನ ಮಗಳು ಆ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಳು. ರಕ್ತ ಹೆಚ್ಚು ಬಂದ ಕಡೆ ಕೆಂಪು ಹಳದಿ, ಕಡಿಮೆ ಕಡೆ ನೀಲಿ, ಇಲ್ಲದ ಕಡೆ ಕಪ್ಪು. ಬಲಗಡೆ ಹಣ್ಣಾದ ಮಾವಿನಂತೆ ಬಣ್ಣ ತುಂಬಿತ್ತು. ಎಡಗಡೆ ಒಂದು ಭಾಗ ಮಬ್ಬುಗಪ್ಪು. ಅದರ ಪಕ್ಕದಲ್ಲೇ ಎರೆಹುಳದಂಥ ಎರಡು ಮೂರು ಫಳಫಳ ಗೆರೆ. ನನಗೆ ಎದೆ ಧಸಕ್ಕೆಂದಿತು. ಅಷ್ಟು ಭಾಗ ಒಣಗಿಯೇ ಹೋಯಿತೇ?

‘ಅವತ್ತು ನನಗೂ ಹಾಗೇ ಆಯ್ತು. ಆದರೆ ಡಾಕ್ಟ್ರು ಇನ್ನೊಂದು ತೆಗೆಸಿದರು, ನೋಡಿ’ ಎಂದು ಅವಳು ಬೆರಳಿನಿಂದ ಮುಂದಿನ ಚಿತ್ರ ಸರಿಸಿದಳು. ಇದರಲ್ಲಿ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕಾದು ತೆಗೆದಿದ್ದರು. ಕಪ್ಪಾಗಿದ್ದ ಕಡೆ ಈಗ ಮಂದವಾಗಿ ಬಣ್ಣ ಮೂಡಿತ್ತು! ಎರೆಹುಳದ ಗೆರೆಗಳು ಮಾಯವಾಗಿದ್ದವು.

ಪುಟ್ಟಿಯ ಕಾಲಿನಿಂದ ಯೋಚಿಸಿ, ತಿಳಿಯುತ್ತದೆ. ಬಚ್ಚಲಿಂದ ಅಡುಗೆಮನೆಗೆ ನೇರ ದಾರಿಯಲ್ಲಿ ಬಂದರೆ ಅಡುಗೆಮನೆಯಲ್ಲಿ ಒದ್ದೆ ಹೆಜ್ಜೆ ಇರುತ್ತದೆ. ನೇರ ದಾರಿಗೆ ಯಾರೋ ಅಕ್ಕಿ ಮೂಟೆ ಅಡ್ಡ ಇಟ್ಟಿದ್ದಾರೆ, ಅವಳು ಬೇರೆ ಕೋಣೆಗಳನ್ನು ಸುತ್ತಿ ಬರಬೇಕು ಎಂದುಕೊಳ್ಳಿ. ನಾನು ಅವಸರದಲ್ಲಿ ಇಣುಕಿದರೆ ಅಡುಗೆಮನೆಯಲ್ಲಿ ಹೆಜ್ಜೆ ಕಾಣುವುದಿಲ್ಲ. ಅವಳು ಇನ್ನೂ ನಡುಮನೆಯಲ್ಲಿ ಒದ್ದೆ ಕಾಲಿನಲ್ಲಿ ಓಡುತ್ತಿದ್ದಾಳೆ. ಆ ಎರೆಹುಳದ ಗೆರೆಗಳೆಂದರೆ ಇದೇ, ಕೋಣೆ ಸೇರದೆ ಇನ್ನೂ ನಾಳದೊಳಗೇ ಬರುತ್ತಿರುವ ರಕ್ತ. ಸ್ವಲ್ಪ ತಾಳ್ಮೆಯಿಂದ ಕಾದರೆ ಅವಳು ಬರುತ್ತಾಳೆ, ಆದರೆ ಕಾಲು ಮುಕ್ಕಾಲು ಒಣಗಿರುತ್ತದೆ, ಹೆಜ್ಜೆ ಮಸುಕು. ಕಪ್ಪಗೆ ಕಂಡದ್ದೆಲ್ಲ ರಕ್ತವೇ ಇಲ್ಲದ ಜಾಗವಲ್ಲ. ಅಲ್ಲಿಗೆ ರಕ್ತ ತಡವಾಗಿ ಬಂದಿರಬಹುದು.

ಹಾಗಾಗಿ ಇಂಥ ರೋಗಿಗಳಲ್ಲಿ ಒಂದೇ ಹೊತ್ತಿಗೆ ಇಣುಕದೆ, ಬೇಗ ಒಮ್ಮೆ, ಆಮೇಲೊಮ್ಮೆ, ಇನ್ನೂ ತಡವಾಗಿ ಒಮ್ಮೆ ಎಂದು ಹಲವು ಚಿತ್ರ ತೆಗೆಯುವ ಪದ್ಧತಿಯೂ ಇದೆ. ಆಗ ರಕ್ತ ಎಷ್ಟು ಬಂತು ಎಂಬುದರ ಜೊತೆಗೆ ಎಷ್ಟು ತಡವಾಗಿ ಬಂತು ಎಂಬುದೂ ತಿಳಿಯುತ್ತದೆ. ಕುತ್ತಿಗೆಯ ಒಂದೇ ನಾಳಕ್ಕೆ ಗುರುತು ಹಚ್ಚಿ, ಯಾವ ಕಾಲುವೆಯ ನೀರು ಯಾವ ಗಿಡಕ್ಕೆ ಹೋಗುತ್ತಿದೆ ಎಂದು ನೋಡುವ ಜಾಣರೂ ಇದ್ದಾರೆ. ಎಲ್ಲ ಆಸ್ಪತ್ರೆಗಳಲ್ಲೂ ಇಷ್ಟೆಲ್ಲ ಮಾಡುವುದಿಲ್ಲ, ಇದೊಂದೇ ಚಿತ್ರ ನೋಡಿ ವೈದ್ಯರು ತೀರ್ಮಾನಿಸುವುದೂ ಇಲ್ಲ. ಟೈಲರ್ ಮಾವನಿಗೆ ಬಲಗಡೆಯ ನಾಳ ಆ ವಿಲ್ಲಿಸ್ ಬಳೆಯ ಮೂಲಕ ಎಡಕ್ಕೂ ರಕ್ತ ದಾಟಿಸುತ್ತಿತ್ತು. ಔಷಧ ಶುರುವಾಯಿತು, ಬೀಡಿ ಬಂದ್ ಆಯಿತು. ಬೀಡಿಯ ದುಃಖವನ್ನು ಅವರು ಇವತ್ತಿಗೂ ಎಲ್ಲರಿಗೂ ಹೇಳುತ್ತಾರೆ.

ಲಕ್ವ ಅಜ್ಜ ಅಜ್ಜಿಯರಿಗೆ ಮಾತ್ರ ಎಂದುಕೊಳ್ಳಬೇಡಿ. ಜಪಾನಿನಲ್ಲಿ ಹೆಚ್ಚಾಗಿ ಕಾಣುವ ಒಂದು ಕಾಯಿಲೆ ಮಕ್ಕಳಿಗೂ ಬರುತ್ತದೆ. ಕುತ್ತಿಗೆಯ ನಾಳ ತಲೆಯೊಳಗೆ ಸೇರಿದ ಮೇಲೆ ನಿಧಾನವಾಗಿ ಕಿರಿದಾಗುತ್ತಾ ಹೋಗುತ್ತದೆ. ಬಡಪಾಯಿ ಮಿದುಳು ಸುಮ್ಮನಿರದೆ ಕೂದಲಿನಷ್ಟು ತೆಳುವಾದ ನೂರಾರು ಹೊಸ ನಾಳಗಳನ್ನು ಚಿಗುರಿಸಿಕೊಳ್ಳುತ್ತದೆ. ಎಕ್ಸ್‌ರೇ ಚಿತ್ರದಲ್ಲಿ ಅವು ಗಾಳಿಯಲ್ಲಿ ತೇಲುವ ಹೊಗೆಯ ಹಾಗೆ ಕಾಣುತ್ತವೆ. ಅದಕ್ಕೇ 1969ರಲ್ಲಿ ಜಪಾನಿನ ವೈದ್ಯರಾದ ಸುಜುಕಿ ಮತ್ತು ತಕಾಕು ಇದನ್ನು ‘ಮೊಯಮೊಯ’ ಎಂದು ಕರೆದರು. ಅವರ ಭಾಷೆಯಲ್ಲಿ ಅದು ಮಬ್ಬು ಮಬ್ಬು ಹೊಗೆಗೆ ಹೇಳುವ ಮಾತು.

ಈ ಕಾಯಿಲೆಯ ಮಗು ಬಿಸಿ ನೂಡಲ್ಸ್ ಆರಿಸಲು ಉಫ್ ಉಫ್ ಎಂದು ಜೋರಾಗಿ ಊದಿದಾಗ ಕೈ ಸೋತು ತಿನ್ನುವ ಕಡ್ಡಿ ಬೀಳುವುದುಂಟು. ಬಾಯಿಂದ ಊದುವ ವಾದ್ಯ ನುಡಿಸುವಾಗ, ಬಿಕ್ಕಿ ಬಿಕ್ಕಿ ಅಳುವಾಗಲೂ ಹಾಗೆಯೇ. ಊದುವುದಕ್ಕೂ ಮಿದುಳಿಗೂ ಎತ್ತಣ ಸಂಬಂಧ? ಬೇಗ ಬೇಗ ಉಸಿರು ಬಿಟ್ಟರೆ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಕಡಿಮೆಯಾಗುತ್ತದೆ. ಅದು ಕಡಿಮೆಯಾದರೆ ಮಿದುಳಿನ ನಾಳಗಳು ಬಿಗಿದುಕೊಳ್ಳುತ್ತವೆ. ನಮಗೆ ನಿಮಗೆ ಅಷ್ಟರಿಂದ ಹೆಚ್ಚೆಂದರೆ ತಲೆ ಸುತ್ತೀತು. ಮೊದಲೇ ನೀರು ಸಾಲದ ತೋಟದಲ್ಲಿ ಕಾಲುವೆ ಇನ್ನಷ್ಟು ಕಿರಿದಾದರೆ ಗಿಡ ಬಾಡದೆ ಇರುತ್ತದೆಯೇ?

ಇದಕ್ಕೆ ಚಿಕಿತ್ಸೆ ಏನೆಂದು ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. ಕಿವಿಯ ಮುಂದೆ, ಕೆನ್ನೆಯ ಮೇಲ್ಭಾಗದಲ್ಲಿ ಬೆರಳಿಡಿ. ಅಲ್ಲೂ ಮೆಲ್ಲಗೆ ಟುಕ್ ಟುಕ್ ಎನ್ನುತ್ತದೆ. ತಲೆಯ ಚರ್ಮಕ್ಕೆ ರಕ್ತ ಕೊಡುವ ನಾಳ ಅದು. ಶಸ್ತ್ರವೈದ್ಯರು ಅದನ್ನು ಜೋಪಾನವಾಗಿ ಬಿಡಿಸಿ, ತಲೆಬುರುಡೆಯಲ್ಲಿ ಕಿಂಡಿ ಮಾಡಿ ಒಳಕ್ಕೆ ತಂದು ಮಿದುಳಿನ ನಾಳಕ್ಕೆ ಹೊಲಿಯುತ್ತಾರೆ. ಕೆಲವೊಮ್ಮೆ ಹೊಲಿಯದೆ ಮಿದುಳಿನ ಮೇಲೆ ಹಾಗೇ ಹಾಸಿ ಬಿಡುತ್ತಾರೆ. ನೆಲಕ್ಕೆ ತಾಗಿದ ಕುಂಬಳದ ಬಳ್ಳಿ ಗಿಣ್ಣಿನಲ್ಲಿ ಬೇರು ಬಿಡುವಂತೆ ಅದು ತಿಂಗಳುಗಟ್ಟಲೆ ತೆಗೆದುಕೊಂಡು ಹೊಸ ಕವಲುಗಳನ್ನು ಮಿದುಳಿನೊಳಕ್ಕೆ ಇಳಿಸುತ್ತದೆ. ಇಳಿಸಿತೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡುತ್ತಿರಬೇಕು. ಪುಟ್ಟ ಮಗುವಿಗೆ ಪ್ರತಿ ಸಲ ಸೂಜಿ ಚುಚ್ಚುವುದು ಯಾರಿಗೆ ಇಷ್ಟ? ಒದ್ದೆ ಹೆಜ್ಜೆಯ ಉಪಾಯ ಇಲ್ಲಿ ಚೆನ್ನಾಗಿ ಒದಗುತ್ತದೆ, ಎಷ್ಟು ಸಲ ಬೇಕಾದರೂ.

ಇದನ್ನೆಲ್ಲ ಪುಟ್ಟಿಗೆ ಹೇಳಿದ ಮಾರನೆಯ ದಿನ ಬಚ್ಚಲ ಬಾಗಿಲಲ್ಲಿ ಬಕೆಟ್ ನೀರು, ಅವಳ ಅಣ್ಣನ ಕೈಯಲ್ಲಿ ಗಡಿಯಾರ. ಮೊದಲು ನೇರ ದಾರಿ. ಅಡುಗೆಮನೆಯ ತನಕ ಹನ್ನೊಂದು ಹೆಜ್ಜೆ, ಹನ್ನೊಂದನೆಯದರಲ್ಲೂ ಹೆಬ್ಬೆರಳು ಸ್ಪಷ್ಟ. ಆಮೇಲೆ ಸುತ್ತು ದಾರಿ ಎಂದು ಅಂಗಳಕ್ಕೆ ಇಳಿದು ಓಡಿ ಬಂದಳು. ಒದ್ದೆ ಕಾಲಿಗೆ ಕೆಂಪು ಮಣ್ಣು ಮೆತ್ತಿಕೊಂಡು ಅಡುಗೆಮನೆ ತುಂಬ ಕೆಸರಿನ ಹೆಜ್ಜೆ. ಪ್ರಯೋಗ ಕೆಟ್ಟಿತು, ಅಮ್ಮನಿಂದ ಬೈಗುಳ ಬೇರೆ. ಕಾಲು ತೊಳೆದು ಮೂರನೆಯ ಸಲ ಮನೆಯೊಳಗೇ ಜಗಲಿ, ನಡುಮನೆ, ದೇವರಕೋಣೆ ಎಲ್ಲ ಎರಡೆರಡು ಸುತ್ತು ಹಾಕಿದಳು. ನಾನು ಅಡುಗೆಮನೆಯ ನೆಲಕ್ಕೆ ಬಗ್ಗಿ ನೋಡಿದೆ. ಒಂದು ಹೆಜ್ಜೆಯೂ ಇಲ್ಲ.

‘ಹೆಜ್ಜೆ ಇಲ್ಲ ಅಂತ ಬರ್ಕೋಬೇಡ ಅಜ್ಜ, ನಾನು ಬಂದಾಯ್ತು’ ಎಂದು ಮೂಲೆಯಿಂದ ದನಿ ಬಂತು. ಬಾಯಿ ತುಂಬ ಸಂಡಿಗೆ.